ಹೊಟ್ಟೆಯಲ್ಲಿಟ್ಟ ವಿಳಾಸ

ಊರಂದ ಮೇಲೆ ಒಬ್ಬ ಪೆದ್ದ ಇರಬೇಕು. ಇಲ್ಲದಿದ್ದರೆ ಉಳಿದವರಿಗೆ ತಾವು ಜಾಣರೆಂದು ಗೊತ್ತಾಗುವುದು ಹೇಗೆ? ನಮ್ಮ ಬಾಗಲವಾಡದ ಪಾಲಿಗೆ ಬಂದವನು ಅಡಿವೆಪ್ಪ, ಬಳೆಗಾರ್ತಿ ಗಂಗಮಾಳವ್ವನ ಮಗ. ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಕೇಳಿದ್ದು, ಇನ್ನರ್ಧ ನನ್ನದೇ. ಲೆಕ್ಕ ಸರಿಹೋಗಲಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು.

ಅಡಿವೆಪ್ಪ ಒಮ್ಮೆ ಕೇಳಿದ ಮಾತನ್ನು ಮರೆಯುವವನಲ್ಲ. ತಿಳಿದುಕೊಳ್ಳುವವನೂ ಅಲ್ಲ. "ಬಾಗಲಾ ನೋಡಕೋ" ಅಂದರೆ ಸಂಜೆಯ ತನಕ ಬಾಗಿಲನ್ನೇ ನೋಡುತ್ತ ಕೂರುವವನು. ಹಿಂದಿನಿಂದ ಬೆಕ್ಕು ಬಂದು ಹಾಲು ಕುಡಿದು ಬಾಯಿ ಒರೆಸಿಕೊಂಡು ಹೋದರೂ ಅತ್ತ ತಿರುಗುವವನಲ್ಲ.

"ಅಯ್ಯ ನನ ಹಣೇಬರವ! ಇದೇನೋ ಇದು?" ಅನ್ನುವಳು ತಾಯಿ.

"ನೀನ ಹೇಳಿದ್ಯಲ್ಲ ಯವ್ವಾ!" ಅನ್ನುವನು ಮಗ.

ಇವನಿಗೊಬ್ಬಳು ಅಕ್ಕ, ಶಿವಲೀಲಾ. ಬೇರೆ ಜಾತಿಯ ಹುಡುಗನ ಕೈ ಹಿಡಿದು ಊರು ಬಿಟ್ಟವಳು. ತಂದೆ ಸತ್ತ ಮನೆ ಅದು, ದೊಡ್ಡಪ್ಪ ಸಂಗನಬಸಪ್ಪ ದೈವದ, ಅಂದರೆ ಊರ ಪಂಚರ, ಎದುರು ಎದೆ ತಟ್ಟಿಕೊಂಡು ಹೇಳಿದ್ದ, "ಸಿಕ್ಕ ದಿನ ಜುಟ್ಟು ಹಿಡದು ಎಳಕೊಂಡು ಬರತೀನಿ. ಬರಲಿಲ್ಲ ಅಂದ್ರ ಅಲ್ಲೇ ಮುಗಸ್ತೀನಿ." ಅವಳೆಲ್ಲಿದ್ದಾಳೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ತಾಯಿಗೊಬ್ಬಳಿಗೆ. ಮಗಳು ಈಗ ಬಸುರಿ. ಏಳು ತಿಂಗಳಿಗೆ ಕುಬುಸದ ಸೀಮಂತ ಮಾಡಿ ತವರಿನ ಹಸಿರು ಬಳೆ ಇಡಬೇಕು. ಊರಿನ ಹೆಣ್ಣುಮಕ್ಕಳಿಗೆಲ್ಲ ಹಸಿರು ಬಳೆ ಇಟ್ಟ ಕೈ, ಹೆತ್ತ ಮಗಳ ಕೈಗೆ ಇಡದಿದ್ದರೆ ಹೇಗೆ? ಗಂಗಮಾಳವ್ವನಿಗೆ ಹಗಲೂ ರಾತ್ರಿ ಅದೊಂದೇ ಚಿಂತೆ.

ತಾಯಿ ಮಗಳ ನಡುವೆ ಇದ್ದದ್ದು ಒಂದು ಫೋನು. ತಾಯಿಗೆ ಅಕ್ಷರ ಬಾರದು. ಅಡಿವೆಪ್ಪ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ಹೇಳುವನು. ಅವಳ ಕಣ್ಣು ಅವನೇ. ಎಂಥಾ ಕಣ್ಣು ನೋಡಿ!

ಒಂದು ದಿನ ಫೋನಿಗೊಂದು ಸಂದೇಶ ಬಂತು. "ನಿಮ್ಮ ಬ್ಯಾಂಕ್ ಖಾತೆ ಬಂದ್ ಆಗಲಿದೆ. ಕೂಡಲೇ ಇಲ್ಲಿ ಒತ್ತಿ." ಅಡಿವೆಪ್ಪ ಒತ್ತಿದ. ಒತ್ತಿದ್ದೇ ತಡ, ಬ್ರೌಸರಿನ ತುಂಬ ಕೆಂಪು ಬಣ್ಣ ಎದ್ದು ನಿಂತಿತು. "ಮುಂದಿರುವ ತಾಣ ಮೋಸದ್ದು. ಹಿಂದಕ್ಕೆ ಹೋಗಿ" ಅಂತ ದಪ್ಪ ಅಕ್ಷರ. ಆದರೆ ಅವತ್ತು ಬೆಳಿಗ್ಗೆ ತಾಯಿ ಹೇಳಿದ್ದಳಲ್ಲ, "ಹಿಡದ ಕೆಲಸ ಅರ್ಧಕ್ಕ ಬಿಡಬ್ಯಾಡಲೇ" ಅಂತ! ಅಡಿವೆಪ್ಪ ಬಿಡಲಿಲ್ಲ. ಮೂಲೆಯಲ್ಲಿದ್ದ ಸಣ್ಣ ಅಕ್ಷರ ಹುಡುಕಿ, ಒತ್ತಿ, ಮುಂದಕ್ಕೇ ಹೋದ. ಹೆಸರು ಕೇಳಿತು, ಕೊಟ್ಟ. ಖಾತೆ ಕೇಳಿತು, ಕೊಟ್ಟ. ಫೋನಿಗೆ ಬಂದ ಗುಟ್ಟಿನ ಸಂಖ್ಯೆ ಕೇಳಿತು, ಅದನ್ನೂ ಕೊಟ್ಟ. ಕೊನೆಗೆ "ಧನ್ಯವಾದ" ಅಂತ ಬಂದಾಗ ಎದ್ದು ನಿಂತು ಕೈಮುಗಿದ.

ಬಳೆ ತರಲು ಕೂಡಿಟ್ಟ ದುಡ್ಡು ಹೋಯಿತು.

"ಅಯ್ಯ ನನ ಹಣೇಬರವ! ಕೆಂಪಗ ಬಂದು ಬ್ಯಾಡ ಅಂದ್ರೂ ಒಳಗ ಹೊಕ್ಕಿ?"

"ಅರ್ಧಕ್ಕ ಬಿಡಬ್ಯಾಡ ಅಂತ ನೀನ ಹೇಳಿದ್ಯಲ್ಲ ಯವ್ವಾ!"

"ಮಂಗ್ಯಾ! ಆ ಕೆಂಪು ಅಂದ್ರ ಕಾವಲುಗಾರ ಇದ್ದಂಗ. ಕೆಂಪು ಕಂಡ್ರ ಹಿಂದಕ ಸರಿ! ಮಂದಿ ಹೊಂಟಿದ್ರ ಅವರಿಗೂ ಹೇಳು!"

"ಆತು ಯವ್ವಾ."

ಮುಂದಿನ ವಾರ ಮಠಪತಿಯವರ ಮನೆಯಲ್ಲಿ ಮದುವೆಯ ಬಳೆ ಇಡುವ ಶಾಸ್ತ್ರ. ಅಡಿವೆಪ್ಪ ಬಳೆಪೆಟ್ಟಿಗೆ ಹೊತ್ತು ಮುಂದೆ, ತಾಯಿ ಹಿಂದೆ. ಮಠಪತಿಯವರು ಸಡಗರದಿಂದ ಬಾಗಿಲಿಗೆ ಜರಿಯ ಅಂಚಿನ ಕೆಂಪು ಪರದೆ ಕಟ್ಟಿದ್ದರು. ಅಡಿವೆಪ್ಪ ನೋಡಿದ. ನೋಡಿದವನು ನಿಂತ. ನಿಂತವನು ಹಿಂದಕ್ಕೆ ಸರಿದ. ಸರಿದು ಸರಿದು ಬೀಗರ ಗುಂಪಿನೊಳಗೆ ಬೆನ್ನು ಮಾಡಿಕೊಂಡೇ ಹೊಕ್ಕು, ಎರಡೂ ಕೈ ಚಾಚಿ ಕೂಗಿದ, "ಹಿಂದಕ ಹೋಗ್ರಿ! ಮುಂದ ಮೋಸ ಐತಿ!"

ಗಂಡಿನ ಸೋದರಮಾವ ಮೀಸೆ ಮುಟ್ಟಿಕೊಂಡ. "ಏನ್ ಮೋಸ? ಹುಡುಗಿಗೇನರ ಐಬು ಐತೇನು? ಮದಲ ಹೇಳಬೇಕಿತ್ತಲ್ಲ!"

ಹುಡುಗಿಯ ತಂದೆ ಕಾಲು ಹಿಡಿದು, ಅಜ್ಜ ದೇವರ ಮೇಲೆ ಆಣೆ ಮಾಡಿ, ಹುಡುಗಿ ಒಳಗೆ ಅತ್ತು, ಬೀಗರು ಒಳಗೆ ಕಾಲಿಡುವಷ್ಟರಲ್ಲಿ ಅಡುಗೆ ಆರಿ ತಣ್ಣಗಾಗಿತ್ತು.

"ಅಯ್ಯ ನನ ಹಣೇಬರವ! ಬಣ್ಣ ನೋಡಿ ಓಡ್ತಾರೇನೋ?"

"ಕೆಂಪು ಕಂಡ್ರ ಸರಿ ಅಂತ ನೀನ ಹೇಳಿದ್ಯಲ್ಲ ಯವ್ವಾ!"

"ಬಣ್ಣ ನೋಡಬ್ಯಾಡ! ಎಲ್ಲಿಗರ ಹೋಗೂ ಮುಂದ, ಏನರ ತಗಿಯೂ ಮುಂದ, ತಿಳದವರನ್ನ ಕೇಳು!"

ಈ ಮಾತು ಹೊರಗೆ ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪನ ಕಿವಿಗೆ ಬಿತ್ತು. ಸಂಗನಬಸಪ್ಪ ಕೆಮ್ಮಿ ಒಳಗೆ ಬಂದ. ಗಂಗಮಾಳವ್ವ ಸೆರಗು ಎಳೆದುಕೊಂಡಳು.

"ಖರೇ ಮಾತು ಹೇಳಿದಿ, ಗಂಗಮಾಳವ್ವ. ಗಂಡಸಿಲ್ಲದ ಮನಿ. ಕಳ್ಳರ ಕಾಲ. ಇಂವ ಇನ್ನ ಏನ ಬಂದ್ರೂ ನನ್ನ ಕೇಳಿ ತಗೀಲಿ. ನೀ ಎಲ್ಲಿಗೆ ಹೊಂಟರೂ ನನ್ನ ಕೇಳಿ ಹೋಗು. ಚಲೋದೋ ಕೆಟ್ಟದ್ದೋ ನಾ ಹೇಳ್ತೀನಿ. ನಿಮ್ಮ ಕಾವಲಿಗೇ ಹೇಳೂದು."

ಬೇಡ ಅಂದರೆ ಯಾಕೆ ಬೇಡ ಅನ್ನುತ್ತಾನೆ. ಹೂಂ ಅಂದರೆ ಎದೆ ಒಡೆಯುತ್ತದೆ. ಅಡಿವೆಪ್ಪ ಮಾತ್ರ "ಆತು ದೊಡ್ಡಪ್ಪ" ಅಂದ.

ಅವತ್ತಿನಿಂದ ಶುರು.

"ದೊಡ್ಡಪ್ಪಾ, ಅವ್ವ ಸಂತಿಗೆ ಹೊಂಟಾಳ. ಸಂತಿ ಖರೇದೋ ಮೋಸದ್ದೋ?"

"ಖರೇದು. ಹೋಗ್ಲಿ."

"ದೊಡ್ಡಪ್ಪಾ, ಅವ್ವ ಕೆರಿ ಕಡೆ ಬಯಲಿಗೆ ಚರಿಗಿ ತಗೊಂಡು ಹೊಂಟಾಳ. ಹೋಗ್ಲೋ ಬ್ಯಾಡೋ?"

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಪ್ಪ ನಗಲಿಲ್ಲ. ಅವನು ಕಾಯುತ್ತಿದ್ದ.

ಒಂದು ಸಂಜೆ ಅಡಿವೆಪ್ಪ ಫೋನು ಹಿಡಿದುಕೊಂಡೇ ಬಂದ. "ದೊಡ್ಡಪ್ಪಾ, ಅಕ್ಕ ಫೋಟೋ ಕಳಿಸ್ಯಾಳ. ತಗಿಯಲೋ ಬ್ಯಾಡೋ?"

ಸಂಗನಬಸಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಕೈ ಚಾಚಿದ. "ತಾ ಇಲ್ಲಿ. ನಾ ನೋಡ್ತೀನಿ."

ಫೋಟೋದಲ್ಲಿ ಶಿವಲೀಲಾ ಕಿಟಕಿಯ ಮುಂದೆ ನಿಂತಿದ್ದಳು. ಕಿಟಕಿಯಾಚೆ ಹತ್ತಿ ಮಿಲ್ಲಿನ ಚಿಮಣಿ. ಪಕ್ಕದಲ್ಲಿ ಒಂದು ದವಾಖಾನೆಯ ಫಲಕ, ಊರಿನ ಹೆಸರಿನ ಸಮೇತ. ದೊಡ್ಡಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಫೋನು ತಿರುಗಿ ಕೊಟ್ಟು ಅವನ ಬೆನ್ನು ಚಪ್ಪರಿಸಿದ. "ಮೋಸ ಇಲ್ಲ. ತಗಿ."

ಅಡಿವೆಪ್ಪ ಕುಣಿಯುತ್ತ ಮನೆಗೆ ಬಂದ. "ಯವ್ವಾ, ದೊಡ್ಡಪ್ಪ ಒಪ್ಪಿದ! ಮೋಸ ಇಲ್ಲಂತ!"

ಗಂಗಮಾಳವ್ವನ ಕೈಯಿಂದ ಮೊರ ಬಿತ್ತು. ಅವಳು ಬೈಯುತ್ತ ಕೂರಲಿಲ್ಲ. ಮೊದಲು ಮಗಳಿಗೆ ಫೋನು ಹಚ್ಚಿಸಿದಳು. "ಎದ್ದು ಹೋಗವ್ವ. ಒಲಿ ಮ್ಯಾಲಿಂದು ಒಲಿ ಮ್ಯಾಲ ಬಿಡು. ಉಟ್ಟ ಸೀರಿ ಮ್ಯಾಲ ಹೋಗು. ಎಲ್ಲಿಗಂತ ಈಗ ಹೇಳಬ್ಯಾಡ, ಮುಟ್ಟಿದ ಮ್ಯಾಲ ಹೇಳು." ದೊಡ್ಡಪ್ಪನ ಆಳುಗಳು ಆ ಮನೆಯ ಬಾಗಿಲು ಒದ್ದಾಗ ಒಲೆಯ ಮೇಲೆ ಅನ್ನ ಸೀದು ಕರಿಯಾಗಿತ್ತಂತೆ. ಮಂದಿ ಇರಲಿಲ್ಲ.

ಬೈಗುಳ ಆಮೇಲೆ ಬಂತು. ಏನೇನು ಬೈದಳೆಂದು ಬರೆಯುವುದಿಲ್ಲ, ಹೆಣ್ಣುಮಕ್ಕಳೂ ಓದುತ್ತಾರೆ.

"ತಿಳದವರನ್ನ ಕೇಳು ಅಂತ ನೀನ ಹೇಳಿದ್ಯಲ್ಲ ಯವ್ವಾ!" ಅಂತ ಅಡಿವೆಪ್ಪನೂ ಅತ್ತ.

ಮರುದಿನ ಅವಳು ಫೋನು ರಿಪೇರಿಯ ಮಕ್ತುಮಸಾಬನ ಅಂಗಡಿಗೆ ಹೋದಳು. "ತಮ್ಮಾ, ಅವತ್ತು ಕೆಂಪಗ ಎದ್ದು ನಿಂತನಲ್ಲ, ನಿಮ್ಮ ಬ್ರೌಸರಿನ ಕಾವಲುಗಾರ. ನಾವು ಎಲ್ಲಿಗೆ ಹೊಂಟೀವಿ ಅಂತ ಅಂವಗ ಹೆಂಗ ಗೊತ್ತು?"

"ನಾವ ಹೇಳ್ತೀವಲ್ಲ ಚಿಗವ್ವ. ನೀ ಒತ್ತಿದ ವಿಳಾಸ ಬ್ರೌಸರ್ ಕಂಪನಿಯವರ ಮೋಸದ ಪಟ್ಟಿಯೊಳಗ ಐತೇನು ಅಂತ ಕೇಳಿ ನೋಡತೈತಿ."

"ಹಂಗಾದ್ರ ನಾ ಎಲ್ಲೆಲ್ಲಿ ಹೋದೆ ಅಂಬೂದೆಲ್ಲ ಅವರಿಗೆ ಗೊತ್ತಾತು."

"ಕೆಲವು ಬ್ರೌಸರು ಪೂರಾ ವಿಳಾಸ ಕಳಸತಾವ. ಕೆಲವು ಚೂರ ಅಷ್ಟ ಕಳಸತಾವ. ಆ ಚೂರಿಗೆ ಹೊಂದೂ ಮೋಸದ ವಿಳಾಸ ಎಷ್ಟ ಅದಾವೋ ಅಷ್ಟೂ ತರಿಸಿಕೊಂಡು, ಮನಿಯೊಳಗ, ಅಂದ್ರ ಈ ಫೋನಿನೊಳಗ, ಕುಂತು ಹೋಲಿಸಿ ನೋಡತಾವ."

ಗಂಗಮಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಳ್ಳ ಬಂದ್ರ ಕೂಗೂ ಕಾವಲುಗಾರ ಬೇಕು ತಮ್ಮಾ. ನಾ ಯಾರ ಮನಿಗೆ ಹೋದೆ ಅಂತ ನೆನಪಿಟಗೊಳ್ಳೂ ಕಾವಲುಗಾರ ಬ್ಯಾಡ. ಅಂಥಾಂವ ಎಲ್ಲೂ ಇಲ್ಲೇನು?"

ಮಕ್ತುಮಸಾಬ ಇಕ್ಕಳ ಕೆಳಗಿಟ್ಟ.

ಮನೆಗೆ ಬಂದು ಮಗನನ್ನು ಕೂರಿಸಿಕೊಂಡಳು. "ದೊಡ್ಡಪ್ಪ ಕೇಳೂದು ಬಿಡಂಗಿಲ್ಲ. ಕೇಳಿದ್ರ ಪೂರಾ ಹೇಳಬ್ಯಾಡ! ಚೂರ ಹೇಳು, ಸಾಕು."

"ಚೂರ ಹೇಳ್ತೀನಿ ಯವ್ವಾ."

ನಮ್ಮ ಓಣಿಯ ತುದಿಯಲ್ಲಿ ಚಂದ್ರವ್ವ ಅಂತ ಒಬ್ಬಳಿದ್ದಳು. ಚಿಕ್ಕ ವಯಸ್ಸಿಗೇ ಗಂಡ ಸತ್ತವಳು. ಅವಳ ಕೈಗೆ ಬಳೆ ಸಲ್ಲದು ಅನ್ನುವುದು ಊರಿನ ನೇಮ. ಆದರೆ ವರ್ಷಕ್ಕೊಮ್ಮೆ ಗಂಗಮಾಳವ್ವ ಅವಳ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಎರಡೂ ಕೈತುಂಬ ಗಾಜಿನ ಬಳೆ ಇಟ್ಟು ಬರುವಳು. ಹೊರಗೆ ಬಂದಾಗ ಚಂದ್ರವ್ವನ ತೋಳು ಸೆರಗಿನೊಳಗೆ. ಒಳಗಿದ್ದಾಗ ರೊಟ್ಟಿ ಬಡಿಯುವ ಸದ್ದಿನ ಜತೆ ಬಳೆಯ ಸದ್ದು. ಅದು ಇಬ್ಬರಿಗೇ ಗೊತ್ತಿದ್ದ ಸದ್ದು. ಬಳೆಗಾರ್ತಿ ಮನೆಯೊಳಗೆ ಕೈ ನೋಡುತ್ತಾಳೆ, ಹೊರಗೆ ಬಾಯಿ ಬಿಡುವುದಿಲ್ಲ. ಅವಳ ಕಸುಬು ನಿಂತಿದ್ದೇ ಅದರ ಮೇಲೆ.

ಅಂಥದೊಂದು ದಿನವೇ ಕಟ್ಟೆಯ ಮೇಲೆ ದೊಡ್ಡಪ್ಪ ಕೇಳಿದ, "ನಿಮ್ಮವ್ವ ಎಲ್ಲೋ?"

"ಚಂದ್ರವ್ವನ ಮನಿಗೆ ಬಳಿ ತಗೊಂಡು..." ಅಂದ ಅಡಿವೆಪ್ಪ. ಅಂದವನು ಗಪ್ಪನೆ ಬಾಯಿ ಮುಚ್ಚಿದ. "ಇಷ್ಟ. ಮುಂದಿಂದು ಹೇಳಂಗಿಲ್ಲ. ಪೂರಾ ಹೇಳಬಾರದು."

"ಮುಂದಿಂದು ಯಾಕ ಬೇಕಲೇ? ನಾವ ತುಂಬಕೋತೀವಿ," ಅಂದ ಕಟ್ಟೆಯ ಮೇಲಿನವನೊಬ್ಬ.

ತುಂಬಿಕೊಂಡರು. ಚಂದ್ರವ್ವನಿಗೆ ಮತ್ತೊಂದು ಮದುವೆಯಂತೆ. ಗಂಡು ಇಂಥವನಂತೆ. ಇಲ್ಲ, ಅಂಥವನಂತೆ. ಸಂಜೆಗೆ ಮಕ್ಕಳೂ ಆಗಿಬಿಟ್ಟವು. ಪೂರಾ ಹೇಳಿದ್ದರೆ ಇದ್ದದ್ದಷ್ಟೇ ಗೊತ್ತಾಗುತ್ತಿತ್ತು. ಚೂರು ಹೇಳಿದ್ದಕ್ಕೆ ಇಲ್ಲದ್ದೂ ಗೊತ್ತಾಯಿತು.

ದೀಪ ಹಚ್ಚುವ ಹೊತ್ತಿಗೆ ಚಂದ್ರವ್ವ ಬಂದಳು. ಬಳೆಗಳನ್ನು ಒಂದೂ ಒಡೆಯದ ಹಾಗೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ಬಿಗಿಯಾದ ಬಳೆ ಎಳೆದು ಎಳೆದು ಅವಳ ಹೆಬ್ಬೆರಳಿನ ಬುಡ ಕೆಂಪಗೆ ತರಚಿತ್ತು. ಗಂಟು ಹೊಸ್ತಿಲ ಮೇಲಿಟ್ಟು ಹೋದಳು.

ಅಡಿವೆಪ್ಪ ರೂಢಿಯಂತೆ ಬಾಯಿ ತೆರೆದ. "ನೀನ ಹೇಳಿದ್ಯಲ್ಲ ಯ..."

ತಾಯಿಯ ಮುಖ ನೋಡಿ ಮಾತು ಅರ್ಧಕ್ಕೇ ನಿಂತಿತು. ಜನ್ಮದಲ್ಲಿ ಅವನು ಅರ್ಧಕ್ಕೆ ಬಿಟ್ಟದ್ದು ಅದೊಂದೇ.

ಅವಳು ಗಂಟು ಎತ್ತಿಕೊಂಡು ಒಳಗಿಟ್ಟಳು. ಆಮೇಲೆ ಸಿಟ್ಟು ಬಂತು. ಬಂದ ಸಿಟ್ಟಿನಲ್ಲಿ ಅಂದಳು, "ಇನ್ನ ಯಾರನ್ನೂ ಕೇಳಬ್ಯಾಡ! ಯಾರಿಗೂ ಹೇಳಬ್ಯಾಡ! ಪೂರಾನೂ ಬ್ಯಾಡ, ಚೂರೂ ಬ್ಯಾಡ! ಏನ ಬಂದ್ರೂ ಹೊಟ್ಟಿಯೊಳಗ ಇಟಗೋ! ಈಗಿನ ಕಳ್ಳರು ಅವ್ವನ ದನಿ ತಂದು ಮಾತಾಡತಾರಂತ. ನಾನ ಬಂದು ಕೇಳಿದ್ರೂ ಹೇಳಬ್ಯಾಡ!"

"ಆತು ಯವ್ವಾ," ಅಂದ ಅಡಿವೆಪ್ಪ, ತುಂಬ ಗಂಭೀರವಾಗಿ.

ಏಳನೇ ತಿಂಗಳು ಬಂತು. ತಾಯಿ ಯಾರದೋ ಮನೆಗೆ ಬಳೆ ಇಡಲು ಹೋಗಿದ್ದಾಗ ಫೋನು ಟಿಂಗ್ ಅಂದಿತು. ಶಿವಲೀಲಾ ಹೊಸ ಮನೆಯ ವಿಳಾಸ ಕಳಿಸಿದ್ದಳು: ಊರು, ಓಣಿ, ಬಾಗಿಲ ಎದುರಿನ ಮರ, ಎಲ್ಲ. ಅಡಿವೆಪ್ಪ ಬೆರಳಿಟ್ಟು ಓದಿದ. ಬಾಯಿಪಾಠ ಮಾಡಿದ. ಸಂದೇಶ ಅಳಿಸಿದ. ಅಕ್ಕನ ನಂಬರೂ ಅಳಿಸಿದ. ಆಮೇಲೆ ನೆನಪಾಯಿತು, ಹೊಟ್ಟೆಯೊಳಗೆ ಇಡಬೇಕಲ್ಲ! ಫೋನಿನ ಬೆನ್ನು ಬಿಚ್ಚಿ, ಸಿಮ್ ತೆಗೆದು, ಬೆಲ್ಲದ ಚೂರಿನಲ್ಲಿ ಒತ್ತಿ ನುಂಗಿದ. ಮೇಲೆ ಒಂದು ತಂಬಿಗೆ ನೀರು ಕುಡಿದ.

ತಾಯಿ ಬಂದಳು. "ಅಕ್ಕಂದು ಏನರ ಬಂತೇನೋ?"

"ಹೇಳಂಗಿಲ್ಲ."

"ಹೇಳಂಗಿಲ್ಲ ಅಂದ್ರ? ನಾನೋ! ನಿಮ್ಮವ್ವ!"

"ಕಳ್ಳರೂ ಹಂಗ ಅಂತಾರ."

"ಫೋನ್ ತಾ ಇಲ್ಲಿ!"

ಕೊಟ್ಟ. ಫೋನು ಹೊಟ್ಟೆ ಖಾಲಿ ಮಾಡಿಕೊಂಡು ಮಲಗಿತ್ತು. ಅವಳು ಹಣೆ ಹಣೆ ಬಡಿದುಕೊಂಡಳು. ಬೈದಳು. ಬೇಡಿಕೊಂಡಳು. ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟಳು. ಅಡಿವೆಪ್ಪ ತುತ್ತು ನುಂಗಿದ, ವಿಳಾಸ ಬಿಡಲಿಲ್ಲ.

ಈ ಗದ್ದಲ ಕೇಳಿ ದೊಡ್ಡಪ್ಪನೂ ಬಂದ. ಫೋನು ಕಸಿದು ನೋಡಿದ. ಏನೂ ಇಲ್ಲ. ಮಿರ್ಚಿಭಜಿ ಚುರುಮುರಿ ತರಿಸಿಕೊಟ್ಟ. ಅಡಿವೆಪ್ಪ ಎಲ್ಲಾ ತಿಂದು ಕಾಗದ ನೆಕ್ಕಿದ. "ಹೇಳಂಗಿಲ್ಲ." ಸಂಗನಬಸಪ್ಪ ಕೈ ಎತ್ತಿದ. ಎತ್ತಿದ ಕೈ ಬಿತ್ತು. ಮತ್ತೆ ಬಿತ್ತು. ಹಲ್ಲಿನಿಂದ ರಕ್ತ ಬಂತು.

"ಎಲ್ಲಿದಾಳಲೇ ಆಕಿ?"

"ಹೇಳಂಗಿಲ್ಲ ದೊಡ್ಡಪ್ಪಾ. ಅವ್ವನ ದನಿ ತಂದು ಕೇಳಿದ್ರೂ ಹೇಳಂಗಿಲ್ಲ. ನೀ ಅಂತೂ ನಿನ್ನ ದನೀನ ತಂದಿ."

ಗಂಗಮಾಳವ್ವ ನಡುವೆ ಹೋಗಿ ನಿಂತಳು. ಮೊದಲ ಸಲ ಸೆರಗು ಎಳೆದುಕೊಳ್ಳುವುದನ್ನು ಮರೆತಳು.

ಆ ರಾತ್ರಿ ಅವಳು ಸಣ್ಣ ಪೆಟ್ಟಿಗೆಯೊಂದರಲ್ಲಿ ಹಸಿರು ಬಳೆ ಜೋಡಿಸಿದಳು. ಬಸುರಿಯ ಕೈ ಎಷ್ಟು ಬಾತಿದೆಯೋ, ಎಷ್ಟು ಸೊರಗಿದೆಯೋ! ಮದುವೆಗೆ ಮುಂಚಿನ ಅಳತೆ ಒಂದು, ಅದಕ್ಕಿಂತ ಸಣ್ಣದೊಂದು, ದೊಡ್ಡದೊಂದು. ಮೂರನ್ನೂ ಇಟ್ಟಳು. ಹಸಿರು ಸೀರೆ ಮಡಚಿ ಮೇಲಿಟ್ಟಳು.

"ನಾ ಕೇಳಂಗಿಲ್ಲಪ್ಪಾ. ನೀ ಮುಂದ ನಡಿ, ನಾ ಸುಮ್ಮ ಹಿಂದ ಬರತೀನಿ."

"ಹಿಂದ ಬಂದ್ರ ನಿನಗ ಗೊತ್ತಾಗತೈತಿ ಯವ್ವಾ."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಹಳ ಹೊತ್ತು ನಿಂತಳು. ಕೊನೆಗೆ ಪೆಟ್ಟಿಗೆಯನ್ನು ಅವನ ತಲೆಯ ಮೇಲಿಟ್ಟಳು. "ಅಂಗೈಗೆ ಎಣ್ಣಿ ಹಚ್ಚು. ಬೆರಳು ಕೂಡಿಸಿ ಹಿಡಿ. ಮೆಲ್ಲಕ ಇಡು. ಅಕ್ಕಗ ನೋವಾಗಬಾರದು." ಅಷ್ಟೇ ಅಂದಳು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬಸ್ಸು. ದೊಡ್ಡಪ್ಪ ಮೊದಲೇ ಹತ್ತಿ, ಕೊನೆಯ ಸೀಟಿನಲ್ಲಿ ಮುಖದ ಮೇಲೆ ಕಂಬಳಿ ಎಳೆದುಕೊಂಡು ಕೂತಿದ್ದ. ಅಡಿವೆಪ್ಪ ಬಸ್ಸಿನ ಮುಂದೆ ಬಂದು ನಿಂತ. ಬಸ್ಸು ಅಪ್ಪಟ ಕೆಂಪು! ಬಣ್ಣ ನೋಡದೆ ತಿಳಿದವರನ್ನು ಕೇಳೋಣವೆಂದರೆ ಯಾರನ್ನೂ ಕೇಳಬೇಡ ಅಂದಿದ್ದಾಳೆ. ಹಾಗಾದರೆ ಉಳಿದದ್ದು ಹಳೆಯ ಬುದ್ಧಿ. ಕೆಂಪು ಕಂಡರೆ ಹಿಂದಕ್ಕೆ ಸರಿ! ಸರಿದ. ಸರಿದು ಸರಿದು ಸ್ಟ್ಯಾಂಡಿನ ಹಿಂದಿನ ಬಯಲಿಗೆ ಬಿದ್ದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ದೊಡ್ಡಪ್ಪನನ್ನು ಕಂಬಳಿಯ ಸಮೇತ ಹೊತ್ತುಕೊಂಡು ಹೋಯಿತು.

ಅಡಿವೆಪ್ಪ ನಡೆದುಕೊಂಡೇ ಹೋದ. ಎಷ್ಟು ದೂರ, ಎಷ್ಟು ದಿನ ಅಂತ ನನ್ನನ್ನು ಕೇಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ, ಈಗ ನನಗೇ ನೆನಪಿಲ್ಲ.

ಅಂತೂ ಒಂದು ಸಂಜೆ ಊರಿಗೆ ತಿರುಗಿ ಬಂದ. ಕಾಲು ಬಾತಿದ್ದವು. ತಲೆಯ ಮೇಲೆ ಪೆಟ್ಟಿಗೆ ಹಾಗೇ ಇತ್ತು. ತಾಯಿ ಓಡಿ ಬಂದಳು.

"ಮುಟ್ಟಿದೇನೋ?"

"ಹೇಳಂಗಿಲ್ಲ."

"ಹೆಂಗದಾಳೋ?"

"ಹೇಳಂಗಿಲ್ಲ."

"ಅತ್ತಳೇನೋ? ನನ್ನ ಕೇಳಿದಳೇನೋ?"

ಅಡಿವೆಪ್ಪನ ಕಣ್ಣು ತುಂಬಿತು. "ಹೇಳಂಗಿಲ್ಲ ಯವ್ವಾ," ಅಂದ. "ನೀನ ಹೇಳಿದ್ಯಲ್ಲ."

ಗಂಗಮಾಳವ್ವ ಪೆಟ್ಟಿಗೆ ಇಳಿಸಿ, ದೀಪದ ಮುಂದೆ ಇಟ್ಟು, ಮುಚ್ಚಳ ತೆಗೆದಳು. ಸೀರೆ ಇರಲಿಲ್ಲ. ಸಣ್ಣ ಬಳೆ ಹಾಗೇ ಇದ್ದವು. ಹಳೆಯ ಅಳತೆಯವೂ ಹಾಗೇ ಇದ್ದವು. ದೊಡ್ಡವು ಮಾತ್ರ ಇರಲಿಲ್ಲ, ಒಂದೂ ಇರಲಿಲ್ಲ. ಒಡೆದ ಚೂರು ಸಹ ಇರಲಿಲ್ಲ. ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ಕೂತಳು.

"ಮೈಕೈ ತುಂಬಿಕೊಂಡಾಳ," ಅಂದಳು. "ಕೈಯೊಳಗ ಕಸುವೈತಿ. ಗಂಡ ಹೊಟ್ಟಿ ತುಂಬ ಹಾಕ್ಯಾನ. ಚಲೋ ಅದಾಳ ನನ ಮಗಳು."

ಅಡಿವೆಪ್ಪ ಬೆಚ್ಚಿಬಿದ್ದ. "ಯವ್ವಾ! ನಾ ಹೇಳಿಲ್ಲ! ನಿನಗ ಯಾರ ಹೇಳಿದ್ರು?"

"ಯಾರ ಹೇಳ್ತಾರಪ್ಪಾ? ಬಳಿ ಹೇಳಿದ್ವು."

ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು. ಆ ಕೆಮ್ಮು. "ಗಂಗಮಾಳವ್ವಾ, ಹುಡುಗ ಬಂದಾನಂತ. ಪೆಟ್ಟಿಗಿ ಹೊರಗ ತಾ. ನಾನೂ ಬಳೆಗಾರನ ಮಗಾನ. ಯಾವ ಬಳಿ ಹೋಗ್ಯಾವ ಅಂತ ನೋಡಿದ್ರ ಎಷ್ಟನೇ ತಿಂಗಳಂತ ತಿಳೀತೈತಿ. ತಿಂಗಳು ತಿಳಿದ್ರ ಹೆರಿಗೆಗೆ ಯಾವಾಗ ದವಾಖಾನಿ ಬಾಗಲಾ ಕಾಯಬೇಕಂತ ತಿಳೀತೈತಿ."

ಗಂಗಮಾಳವ್ವನ ಕೈ ಪೆಟ್ಟಿಗೆಯ ಮೇಲೆ ಹಾಗೇ ಉಳಿಯಿತು.

ಅಡಿವೆಪ್ಪ ಒಮ್ಮೆ ಬಾಗಿಲು ನೋಡಿದ, ಒಮ್ಮೆ ಬಳೆ ನೋಡಿದ. ಆಮೇಲೆ ಆ ಪೆಟ್ಟಿಗೆ ಒಂದು ಕಂಕುಳಲ್ಲಿ, ತಾಯಿಯ ಕಸುಬಿನ ದೊಡ್ಡ ಪೆಟ್ಟಿಗೆ ತಲೆಯ ಮೇಲೆ, ಗೋಡೆಯ ಗೂಟಕ್ಕಿದ್ದ ಬಳೆಯ ಸರಗಳೆಲ್ಲ ಕೊರಳಿಗೆ, ಚಂದ್ರವ್ವ ತಿರುಗಿ ಕೊಟ್ಟ ಗಂಟು ಹಲ್ಲಿನಲ್ಲಿ! ಹಿತ್ತಲ ಬಾಗಿಲಿನಿಂದ ಓಡಿದ. ಓಡಿದವನು ಬಾವಿಯ ಕಟ್ಟೆ ಹತ್ತಿ ಒಂದೊಂದನ್ನೇ ಒಳಗೆ ಬಿಟ್ಟ. ಮನೆಯಲ್ಲಿದ್ದ ಅಷ್ಟೂ ಬಳೆ. ಕೆಂಪು, ಹಳದಿ, ನೀಲಿ, ಹಸಿರು. ಬಾಣಂತಿಯದು, ಮದುಮಗಳದು, ಮುದುಕಿಯದು, ಮಗುವಿನದು. ಬಿಡುತ್ತ ಬಿಡುತ್ತ ಬಾವಿಯೊಳಗೆ ಬಗ್ಗಿ ಎಚ್ಚರಿಕೆ ಕೊಟ್ಟ.

"ಯಾರು ಕೇಳಿದ್ರೂ ಹೇಳಬ್ಯಾಡ್ರಿ! ನಾನ ಬಂದು ಕೇಳಿದ್ರೂ ಹೇಳಬ್ಯಾಡ್ರಿ!"

ದೊಡ್ಡಪ್ಪ ಹಿತ್ತಲಿಗೆ ಬಂದು ಬಗ್ಗಿ ನೋಡಿದ. ಕತ್ತಲು. ನೀರು. ಬಯ್ಯುತ್ತ ಹೋದ.

ಗಂಗಮಾಳವ್ವ ಬಾವಿಯ ಕಟ್ಟೆಗೆ ಒರಗಿ ನಿಂತಳು. ಅವಳ ಕಸುಬೆಲ್ಲ ಕೆಳಗೆ ಕಿಣಿಕಿಣಿ ಅನ್ನುತ್ತ ತಳಕ್ಕೆ ಇಳಿಯುತ್ತಿತ್ತು. ಅಡಿವೆಪ್ಪ ಪಕ್ಕದಲ್ಲಿ ಬೈಗುಳಕ್ಕಾಗಿ ತಲೆ ತಗ್ಗಿಸಿ ಕಾಯುತ್ತಿದ್ದ. ಬೈಗುಳ ಬರಲಿಲ್ಲ. ಅವಳು ಅವನ ಬಾತ ಕಾಲಿನ ಮೇಲೆ ಒಂದು ಕೊಡ ನೀರು ಹಾಕಿದಳು. ಬುದ್ಧಿಮಾತೂ ಹೇಳಲಿಲ್ಲ.

ಹೇಳಿದ್ದರೆ ಅದನ್ನೂ ಮಾಡಿಬಿಡುತ್ತಿದ್ದ.